ಟೈಮ್‌ಶೇರ್ ಪಾಯಿಂಟ್ಸ್ ಬಾಡಿಗೆಗೆ: ಕಾಗದದ ಲಾಭ, ಕೈಗೆ ಬರುವ ಲೆಕ್ಕ

ಟೈಮ್‌ಶೇರ್ ಕಂಪನಿಗಳು ಮಾರುವುದು ವರ್ಷಕ್ಕೆ ಇಂತಿಷ್ಟು ರಾತ್ರಿ ರೆಸಾರ್ಟಿನಲ್ಲಿ ತಂಗುವ ಹಕ್ಕನ್ನು. 1960ರ ದಶಕದಲ್ಲಿ ಫ್ರಾನ್ಸಿನ ಆಲ್ಪ್ಸ್ ಬೆಟ್ಟಗಳ ಸ್ಕೀಯಿಂಗ್ ತಾಣಗಳಲ್ಲಿ ಹುಟ್ಟಿದ ಈ ವ್ಯಾಪಾರವನ್ನು ಭಾರತದಲ್ಲಿ ಬೆಳೆಸಿದವರಲ್ಲಿ ಮುಖ್ಯರು 1986ರಲ್ಲಿ ಶುರುವಾದ ಸ್ಟರ್ಲಿಂಗ್ ಹಾಲಿಡೇಸ್ ಮತ್ತು 1996ರಲ್ಲಿ ಬಂದ ಕ್ಲಬ್ ಮಹೀಂದ್ರ. ಹಳೆಯ ಮಾದರಿಯ ಸದಸ್ಯತ್ವ ಸರಳವಾಗಿತ್ತು: 25 ವರ್ಷ, ವರ್ಷಕ್ಕೆ ಏಳು ರಾತ್ರಿ, ನಿಗದಿಯಾದ ಸೀಸನ್. ಪಾಯಿಂಟ್ಸ್ ಪದ್ಧತಿಯಲ್ಲಿ ಪ್ರತಿ ವರ್ಷ ಸದಸ್ಯನ ಖಾತೆಗೆ ಪಾಯಿಂಟ್ಸ್ ಜಮೆಯಾಗುತ್ತವೆ. ಡಿಸೆಂಬರ್ ಕೊನೆಯ ವಾರದ ದೊಡ್ಡ ಕೋಣೆಗೆ ಹೆಚ್ಚು ಪಾಯಿಂಟ್ಸ್, ಜುಲೈ ಮಳೆಯ ಸಣ್ಣ ಕೋಣೆಗೆ ಕಡಿಮೆ. ಬಳಸದೆ ಬಿಟ್ಟರೆ ನಿಗದಿತ ಅವಧಿಯ ನಂತರ ಅವು ರದ್ದಾಗುತ್ತವೆ.

ಮಾಲ್‌ನಲ್ಲಿ ಕೂಪನ್ ತುಂಬಿಸಿಕೊಂಡು, ಮರುವಾರ ಫೋನ್ ಮಾಡಿ, ಗಂಡ ಹೆಂಡತಿ ಇಬ್ಬರೂ ಬಂದರೆ ಮಾತ್ರ ಉಡುಗೊರೆ ಎಂದು ಹೋಟೆಲಿನ ಸಭಾಂಗಣಕ್ಕೆ ಕರೆಸಿ ಮಾಡುವ ಮಾರಾಟದಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: ಯಾವುದೋ ವರ್ಷ ಹೋಗಲಾಗದಿದ್ದರೆ? ಅದಕ್ಕೆ ಸಿದ್ಧ ಉತ್ತರವೂ ಇರುತ್ತದೆ: ಬಾಡಿಗೆಗೆ ಕೊಡಿ, ದುಡ್ಡು ಬರುತ್ತದೆ. ಹೆಚ್ಚಾಗಿ ಇದು ಬಾಯಿಮಾತು, ಒಪ್ಪಂದದಲ್ಲಿ ಕಾಣಸಿಗುವುದಿಲ್ಲ.

ಬರುವ ದುಡ್ಡು ಎಷ್ಟೆಂದು ಒಂದು ಉದಾಹರಣೆ ಹಿಡಿದು ನೋಡಬಹುದು. ಸದಸ್ಯತ್ವಕ್ಕೆ 4 ಲಕ್ಷ ರೂಪಾಯಿ, ವಾರ್ಷಿಕ ನಿರ್ವಹಣಾ ಶುಲ್ಕ 20,000, ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ 23,600. ಏಳು ರಾತ್ರಿಯನ್ನೂ ತಲಾ 5,000ಕ್ಕೆ ಬಾಡಿಗೆಗೆ ಕೊಟ್ಟರೆ 35,000 ಬಂದು, ಶುಲ್ಕ ಕಳೆದು 11,400 ಉಳಿಯುತ್ತದೆ. ಹಾಕಿದ ದುಡ್ಡಿಗೆ ಇದು ಶೇ 3ಕ್ಕೂ ಕಡಿಮೆ. ಆದರೂ ಇದನ್ನು ಬಡ್ಡಿ ಎನ್ನುವಂತಿಲ್ಲ, ಏಕೆಂದರೆ 25 ವರ್ಷ ಮುಗಿದಾಗ ಅಸಲು ವಾಪಸ್ ಬರುವುದಿಲ್ಲ. ಒಂದು ರಾತ್ರಿಯೂ ಖಾಲಿ ಹೋಗದೆ 25 ವರ್ಷ ನಡೆದರೂ ಕೈಗೆ ಹತ್ತುವುದು 2,85,000, ಅಸಲೇ ಹುಟ್ಟುವುದಿಲ್ಲ. ಅಸಲು ಹುಟ್ಟಿ, ಜೊತೆಗೆ ಶೇ 7ರ ಬಡ್ಡಿಯೂ ಗಿಟ್ಟಬೇಕಾದರೆ ಪ್ರತಿ ರಾತ್ರಿಗೆ ಸುಮಾರು 8,300 ರೂಪಾಯಿ ಬಾಡಿಗೆ ಬರಬೇಕು. ಶುಲ್ಕ ವರ್ಷದಿಂದ ವರ್ಷಕ್ಕೆ ಏರುವುದನ್ನು ಇಲ್ಲಿ ಹಿಡಿದೇ ಇಲ್ಲ.

ಅಷ್ಟು ಕೊಟ್ಟು ಇನ್ನೊಬ್ಬರ ಹೆಸರಿನ ಬುಕಿಂಗ್‌ನಲ್ಲಿ ಯಾರು ತಂಗುತ್ತಾರೆ ಎಂಬುದು ಊರಿನ ಮೇಲೆ ಹೋಗುತ್ತದೆ. ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರ ಇದನ್ನು ಪರೀಕ್ಷಿಸಲು ತಕ್ಕ ಜಾಗಗಳು, ಏಕೆಂದರೆ ಎರಡಕ್ಕೂ ಯಾತ್ರಿಕರ ಕೊರತೆ ಎಂದೂ ಇಲ್ಲ. ನಾಸಿಕ್‌ನಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ ತ್ರ್ಯಂಬಕೇಶ್ವರ. ಸಂಭಾಜಿನಗರದಿಂದ ಅಷ್ಟೇ ದೂರದಲ್ಲಿ ಎಲ್ಲೋರ, ಅಲ್ಲಿ ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದ ಕೈಲಾಸ ದೇವಾಲಯ, ಪಕ್ಕದಲ್ಲೇ ಘೃಷ್ಣೇಶ್ವರ. ಎರಡು ಊರುಗಳ ನಡುವೆ ಶಿರಡಿ. ಕರ್ನಾಟಕದಿಂದ ಹೊರಡುವ ಪ್ರವಾಸಿ ಬಸ್ಸುಗಳು ಇವೆಲ್ಲವನ್ನೂ ಒಂದೇ ಸುತ್ತಿನಲ್ಲಿ ಮುಗಿಸುತ್ತವೆ. ಆದರೆ ಈ ಯಾತ್ರಿಕನಿಗೆ ಬೇಕಾಗಿರುವುದು ಬೆಳಗಿನ ದರ್ಶನಕ್ಕೆ ಮುಂಚೆ ಸ್ನಾನಕ್ಕೊಂದು ಕೋಣೆ, ಹೆಚ್ಚೆಂದರೆ ಒಂದು ರಾತ್ರಿ. ಶಿರಡಿಯಲ್ಲಿ ಸಂಸ್ಥಾನದ ಭಕ್ತನಿವಾಸಗಳೇ ಅಗ್ಗದಲ್ಲಿ ಸಿಗುತ್ತವೆ. ಅಜಂತಾ ಸೋಮವಾರ, ಎಲ್ಲೋರ ಮಂಗಳವಾರ ಮುಚ್ಚಿರುವುದರಿಂದ ಗುಹೆ ನೋಡಲು ಬಂದವರೂ ಲೆಕ್ಕ ಹಾಕಿ ಎರಡು ದಿನದಲ್ಲಿ ಜಾಗ ಖಾಲಿ ಮಾಡುತ್ತಾರೆ. ವಾಳೂಜ್, ಶೇಂದ್ರಾ ಕೈಗಾರಿಕಾ ಪ್ರದೇಶಗಳಿಗೆ ಕೆಲಸದ ಮೇಲೆ ಬರುವವರಿಗೆ ಕಂಪನಿಗೆ ತೋರಿಸಲು ಜಿಎಸ್‌ಟಿ ಬಿಲ್ ಬೇಕು. ಪಾಯಿಂಟ್ಸ್ ಬಾಡಿಗೆಗೆ ಕೊಡುವ ಗೃಹಸ್ಥ ಅದನ್ನು ಕೊಡಲಾರ. ನಾಸಿಕ್‌ನ ದ್ರಾಕ್ಷಿ ತೋಟ, ವೈನರಿಗಳಿಗೆ ಮುಂಬೈ, ಪುಣೆಯಿಂದ ಬರುವವರು ಒಳ್ಳೆಯ ದರ ಕೊಡುತ್ತಾರೆ ನಿಜ, ಆದರೆ ಅವರು ಬರುವುದು ಶನಿವಾರ, ಭಾನುವಾರ, ಅದೂ ಕೊಯ್ಲಿನ ತಿಂಗಳುಗಳಲ್ಲಿ. ವಾರಗಟ್ಟಲೆ ತಂಗುವ ಬೇಡಿಕೆಯೇನಿದ್ದರೂ ಕೊಡಗು, ಮಹಾಬಳೇಶ್ವರ, ಗೋವಾದಂಥ ಕಡೆ.

ಕುಂಭಮೇಳದ ಮಾತು ಬೇರೆ. ನಾಸಿಕ್ ಮತ್ತು ತ್ರ್ಯಂಬಕೇಶ್ವರದ ಸಿಂಹಸ್ಥ 2003ರಲ್ಲಿ, 2015ರಲ್ಲಿ ನಡೆದಿದ್ದು, ಮುಂದಿನ ಪುಣ್ಯಸ್ನಾನಗಳು 2027ರಲ್ಲಿ. ಆ ದಿನಗಳಲ್ಲಿ ಸುತ್ತಲಿನ ಕೋಣೆಗಳಿಗೆ ಕೇಳಿದಷ್ಟು ಬೆಲೆ. ಮಾರಾಟಗಾರರಿಗೆ ಇದು ಸಿಹಿ ಸುದ್ದಿ. ಆದರೆ ಕಂಪನಿಗಳಿಗೂ ಪಂಚಾಂಗ ಗೊತ್ತು: ಬೇಡಿಕೆಯ ದಿನಗಳಿಗೆ ಹೆಚ್ಚು ಪಾಯಿಂಟ್ಸ್ ಕೇಳುವುದು ಆ ಪದ್ಧತಿಯ ಜೀವಾಳವೇ. ಸಾಲದ್ದಕ್ಕೆ 25 ವರ್ಷದ ಸದಸ್ಯತ್ವದಲ್ಲಿ ಸಿಂಹಸ್ಥ ಬರುವುದು ಎರಡು, ಹೆಚ್ಚೆಂದರೆ ಮೂರು ಸಲ.

ಇನ್ನು ಒಪ್ಪಂದದ ಸಣ್ಣ ಅಕ್ಷರಗಳು. ಬಹಳಷ್ಟು ನಿಯಮಾವಳಿಗಳು ಸದಸ್ಯನ ಕುಟುಂಬ ತಂಗುವುದಕ್ಕೆ ಒಂದು ರೀತಿ, ಅತಿಥಿಗಳನ್ನು ಕಳಿಸುವುದಕ್ಕೆ ಇನ್ನೊಂದು ರೀತಿ ಇರುತ್ತವೆ. ಅತಿಥಿಗೆ ಪ್ರತ್ಯೇಕ ಶುಲ್ಕ ಇರಬಹುದು. ಲಾಭಕ್ಕಾಗಿ ಬಾಡಿಗೆಗೆ ಕೊಡುವುದನ್ನು ನಿಷೇಧಿಸಿ, ಸಿಕ್ಕಿಬಿದ್ದರೆ ಬುಕಿಂಗ್ ರದ್ದು ಮಾಡುವ ಅಧಿಕಾರವನ್ನು ಕಂಪನಿ ಇಟ್ಟುಕೊಂಡಿರಬಹುದು. ಆಗ ಚೀಲ ಹಿಡಿದು ರಿಸೆಪ್ಷನ್‌ನಲ್ಲಿ ನಿಂತ ಅಪರಿಚಿತ ಕುಟುಂಬಕ್ಕೆ ಉತ್ತರ ಕೊಡಬೇಕಾದವನು ಸದಸ್ಯ. ಬಂದ ಬಾಡಿಗೆ ತೆರಿಗೆಗೆ ಒಳಪಡುವ ಆದಾಯ. ಆತ ಕಟ್ಟಡದ ಒಡೆಯನಲ್ಲವಾದ್ದರಿಂದ ಮನೆ ಬಾಡಿಗೆಗೆ ಸಿಗುವ ಶೇ 30ರ ಕಡಿತ ಇದಕ್ಕೆ ಅನ್ವಯಿಸುವುದಿಲ್ಲ.

ಬಳಸದ ರಾತ್ರಿಗಳಿಂದ ಲಾಭ ಎಂಬ ಆಸೆಯನ್ನೇ ಬಂಡವಾಳ ಮಾಡಿಕೊಂಡ ದೊಡ್ಡ ಪ್ರಕರಣ ಮಹಾರಾಷ್ಟ್ರದ್ದೇ. ಮುಂಬೈಯ ಪ್ಯಾನ್‌ಕಾರ್ಡ್ ಕ್ಲಬ್ಸ್ ಎಂಬ ಕಂಪನಿ ಹೋಟೆಲಿನ ‘ರೂಮ್ ನೈಟ್ಸ್’ ಮಾರುತ್ತಿತ್ತು. ತಂಗಲು ಹೋಗದವರಿಗೆ ಅವಧಿ ಮುಗಿದ ಮೇಲೆ ‘ಸರೆಂಡರ್ ವ್ಯಾಲ್ಯೂ’ ಎಂದು ಕಟ್ಟಿದ್ದಕ್ಕಿಂತ ಹೆಚ್ಚು ಹಣ ಕೊಡುವ ಭರವಸೆ ಇತ್ತು. ಕೋಣೆ ನೆಪಕ್ಕೆ ಮಾತ್ರ ಎಂಬುದು ಕಟ್ಟಿದವರಿಗೂ ತಿಳಿದಿರಬೇಕು. ಏಜೆಂಟರ ಮೂಲಕ ಸೇರಿದವರಿಗೆ ಅದು ಠೇವಣಿಯಂತೆಯೇ ಇತ್ತು. 50 ಲಕ್ಷಕ್ಕೂ ಹೆಚ್ಚು ಜನರಿಂದ 7,035 ಕೋಟಿ ರೂಪಾಯಿ ಸಂಗ್ರಹವಾಗಿತ್ತು. ಇದು ಅನುಮತಿ ಇಲ್ಲದ ಸಾಮೂಹಿಕ ಹೂಡಿಕೆ ಯೋಜನೆ ಎಂದು ಸೆಬಿ 2014ರ ಜುಲೈನಲ್ಲಿ ಹೊಸ ಸಂಗ್ರಹ ನಿಲ್ಲಿಸಿತು; 2016ರ ಫೆಬ್ರವರಿ 29ರಂದು ಹಣ ಹಿಂದಿರುಗಿಸಲು ಆದೇಶಿಸಿತು. ಆಮೇಲೆ ನಡೆದದ್ದು ಆಸ್ತಿ ಜಪ್ತಿ, ಹರಾಜಿನ ವರ್ಷಗಳು. 1990ರ ದಶಕದ ತೇಗದ ತೋಟದ ಯೋಜನೆಗಳಲ್ಲಿ ಕೈ ಸುಟ್ಟುಕೊಂಡವರಿಗೆ ಇದರ ದಾರಿ ಪರಿಚಿತವೇ. ಸೆಬಿಯ 1999ರ ನಿಯಮಗಳು ಬಂದದ್ದೂ ಆ ಹಾವಳಿಯ ನಂತರ. ಹಲವರಿಂದ ಹಣ ಕೂಡಿಸಿ, ಲಾಭದ ಆಸೆ ತೋರಿಸಿ, ದಿನನಿತ್ಯದ ನಿರ್ವಹಣೆಯನ್ನು ಕಂಪನಿಯೇ ಇಟ್ಟುಕೊಂಡರೆ ಅದು ಸೆಬಿ ಕಾಯ್ದೆಯ 11ಎಎ ಸೆಕ್ಷನ್‌ನ ವ್ಯಾಪ್ತಿಗೆ ಬರುತ್ತದೆ. ‘ನಿಮ್ಮ ಪಾಯಿಂಟ್ಸ್ ನಾವೇ ಬಾಡಿಗೆಗೆ ಕೊಟ್ಟು ವರ್ಷಕ್ಕೆ ಇಷ್ಟು ಕೊಡುತ್ತೇವೆ’ ಎಂಬ ಭರವಸೆ ಕೇಳಿದೊಡನೆ ಸೆಬಿ ನೋಂದಣಿ ಇದೆಯೇ ಎಂದು ವಿಚಾರಿಸಬೇಕು.

ಹಾಗಾದರೆ ಬಾಡಿಗೆಗೆ ಕೊಡುವುದರಲ್ಲಿ ಅರ್ಥವೇ ಇಲ್ಲವೇ? ಸದಸ್ಯತ್ವ ಈಗಾಗಲೇ ಇದ್ದು, ಮಗಳ ಪರೀಕ್ಷೆಯೋ ಮನೆಯವರ ಕಾಯಿಲೆಯೋ ಅಡ್ಡ ಬಂದು ಆ ವರ್ಷ ಹೋಗಲಾಗದಿದ್ದರೆ, ನಿಯಮ ಒಪ್ಪುವಷ್ಟರ ಮಟ್ಟಿಗೆ ಪರಿಚಿತರಿಗೆ ಕೊಟ್ಟು ವಾರ್ಷಿಕ ಶುಲ್ಕವನ್ನಾದರೂ ಹುಟ್ಟಿಸಿಕೊಳ್ಳುವುದು ಜಾಣತನ. ಬಾಡಿಗೆಯ ಆಸೆಗಾಗಿಯೇ ಹೊಸದಾಗಿ ಕೊಳ್ಳುವುದಕ್ಕೆ ಲೆಕ್ಕ ಒಪ್ಪುವುದಿಲ್ಲ. ಬೇಡವಾದ ಸದಸ್ಯತ್ವ ಮಾರಲು ಹೊರಟವರನ್ನು ಇನ್ನೊಂದು ಬಲೆ ಕಾಯುತ್ತಿರುತ್ತದೆ: ಖರೀದಿದಾರ ಸಿದ್ಧನಿದ್ದಾನೆ, ವರ್ಗಾವಣೆ ಶುಲ್ಕ ಮುಂಗಡ ಕಳಿಸಿ ಎಂಬ ಫೋನ್. ಹಣ ಹೋದ ಮೇಲೆ ಆ ನಂಬರೂ ಇರುವುದಿಲ್ಲ.

ಯುರೋಪಿನಲ್ಲಿ 2008ರ ನಿರ್ದೇಶನದಂತೆ ಟೈಮ್‌ಶೇರ್ ಕೊಂಡವನು 14 ದಿನದೊಳಗೆ ಕಾರಣ ಹೇಳದೆ ಹಿಂದೆ ಸರಿಯಬಹುದು. ಭಾರತದಲ್ಲಿ ಹಾಗೆ ಪ್ರತ್ಯೇಕ ಕಾನೂನಿಲ್ಲ. ಆಸರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಬೆಳಗಾವಿಯವನು ಕಂಪನಿಯ ಕಚೇರಿ ಮುಂಬೈಯಲ್ಲಿದ್ದರೂ ತನ್ನ ಜಿಲ್ಲೆಯ ಆಯೋಗದಲ್ಲೇ, ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಹಣ 50 ಲಕ್ಷದವರೆಗಿದ್ದರೆ ಅದು ಜಿಲ್ಲಾ ಆಯೋಗದ ವ್ಯಾಪ್ತಿ. ಆದರೆ ಅದೇ ಕಾಯ್ದೆ ವಾಣಿಜ್ಯ ಉದ್ದೇಶಕ್ಕೆ ಸೇವೆ ಪಡೆದವರನ್ನು ಗ್ರಾಹಕರ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಪಾಯಿಂಟ್ಸ್ ಕೊಂಡದ್ದು ಬಾಡಿಗೆ ವ್ಯವಹಾರಕ್ಕೆ ಎಂದು ದೂರುದಾರನೇ ಬರೆದುಕೊಟ್ಟರೆ, ಎದುರಿನ ವಕೀಲರು ಮೊದಲು ಎತ್ತುವ ಆಕ್ಷೇಪ ಅದೇ ಆಗಿರುತ್ತದೆ.