ಕೂಡಿ ಬರೆಯುವ ಲೆಕ್ಕ

ಒಂದು ಕೈಯಿಂದ ಚಪ್ಪಾಳೆಯಾಗದು ಎಂಬುದು ಹಳೆಯ ಮಾತು. ಆದರೆ ಎರಡು ಕೈ ಸೇರಿದೊಡನೆ ಚಪ್ಪಾಳೆಯೇ ಆಗುವುದೆಂದು ಹೇಳುವಂತಿಲ್ಲ; ಕೆಲವೊಮ್ಮೆ ಕೈಕೈ ಮಿಲಾಯಿಸುವುದೂ ಉಂಟು.

ಬಿ. ಎ. ಓದುತ್ತಿದ್ದಾಗ ನಾವು ಮೂವರು ಗೆಳೆಯರು ಹಳೆಯ ಪಠ್ಯಪುಸ್ತಕಗಳನ್ನು ಕೊಂಡು ಹೊಸ ವಿದ್ಯಾರ್ಥಿಗಳಿಗೆ ಮಾರುವ ಸಣ್ಣದೊಂದು ಉದ್ಯೋಗವನ್ನು ಆರಂಭಿಸಿದ್ದೆವು. ಬಂಡವಾಳ ಮೂವರದು, ಲೆಕ್ಕದ ವಹಿ ಮಾತ್ರ ನನ್ನ ಕೈಯಲ್ಲಿ. ಒಂದು ದಿನ ಅದು ಲೋಕಲ್ ಗಾಡಿಯಲ್ಲಿ ಕಳೆದುಹೋಯಿತು. ಯಾರಿಗೆ ಎಷ್ಟು ಬರಬೇಕೆಂಬುದಕ್ಕೆ ನೆನಪೊಂದೇ ಆಧಾರ. ಮೂವರ ನೆನಪು ಮೂರು ಬಗೆ. ನಾನು ಸುಳ್ಳು ಹೇಳಲಿಲ್ಲ. ಆದರೆ ನನ್ನ ಮಾತಿಗೆ ನನ್ನ ಮಾತಲ್ಲದೆ ಬೇರೆ ಸಾಕ್ಷಿ ಇರಲಿಲ್ಲ. ಹೋದ ಹಣ ಅಲ್ಪ; ಹೋದ ಸ್ನೇಹ ಇನ್ನೂ ಮರಳಿಲ್ಲ.

ಈಚೆಗೆ ಚೆಂಬೂರಿನ ನಮ್ಮ ನೆರೆಯ ನಾಲ್ವರು ತರುಣ ತರುಣಿಯರು ಮನೆಯಡಿಗೆಯ ತಿಂಡಿಗಳನ್ನು ಕಚೇರಿಗಳಿಗೆ ಒದಗಿಸುವ ‘ಸ್ಟಾರ್ಟ್‌ಅಪ್’ ಒಂದನ್ನು ತೊಡಗಿರುವರು. ಅವರ ಲೆಕ್ಕದ ಹಾಳೆ ನಾಲ್ವರ ಫೋನಿನಲ್ಲಿಯೂ ಏಕಕಾಲಕ್ಕೆ ತೆರೆದಿರುತ್ತದೆ. ಒಬ್ಬಳು ಅಕ್ಕಿಯ ಬೆಲೆ ಬರೆದರೆ ಮರುಕ್ಷಣವೇ ಉಳಿದವರಿಗೆ ಕಾಣುತ್ತದೆ.

ನಮ್ಮ ಕಚೇರಿಯ ಕಡತ ಮೇಜಿನಿಂದ ಮೇಜಿಗೆ ಸಾಗುತ್ತದೆ. ಒಬ್ಬರ ಬಳಿ ಇರುವಾಗ ಇನ್ನೊಬ್ಬರಿಗೆ ಕಾಣದು. ಈ ಹಾಳೆಯಾದರೋ ಎಲ್ಲರ ಮೇಜಿನ ಮೇಲೂ ಇದೆ. ಕಡತದ ಸದ್ಗುಣವೊಂದು ಮಾತ್ರ ಇದರಲ್ಲಿಯೂ ಉಳಿದಿದೆ: ಯಾರು, ಯಾವಾಗ, ಏನು ಬರೆದರೆಂಬುದು ನಿಲ್ಲುತ್ತದೆ, ತಿದ್ದಿದರೆ ತಿದ್ದುವ ಮುಂಚಿನ ರೂಪವನ್ನೂ ತೆಗೆದು ನೋಡಬಹುದು.

ಇದೇ ತತ್ತ್ವದ ಮೇಲೆ ಅಮೆರಿಕದ ವಾರ್ಡ್ ಕನ್ನಿಂಗ್‌ಹ್ಯಾಮ್ 1995ರಲ್ಲಿ ‘ವಿಕಿ’ಯನ್ನು ರಚಿಸಿದರು. ಹವಾಯಿ ಭಾಷೆಯಲ್ಲಿ ಅದರ ಅರ್ಥ ‘ಬೇಗ’. ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು. ಒಬ್ಬರ ಮುಖವನ್ನೊಬ್ಬರು ಕಾಣದ ಜನರು, ಸಂಬಳವಿಲ್ಲದೆ, ಒಬ್ಬರು ಬರೆದುದನ್ನು ಇನ್ನೊಬ್ಬರು ತಿದ್ದುತ್ತ ಮೂವತ್ತು ಸಾವಿರಕ್ಕೂ ಮಿಕ್ಕಿ ಲೇಖನಗಳನ್ನು ಕೂಡಿಸಿದ್ದಾರೆ. ನಮಗೆ ಸಮೀಪದ ಪವಾಯಿಯಲ್ಲಿ ಐಐಟಿಯವರ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯು ಗಣಕದ ಪಾಠಗಳನ್ನು ಕನ್ನಡದಲ್ಲಿಯೂ ಉಚಿತವಾಗಿ ಒದಗಿಸಿದೆ. ಪರದೆಯ ಮೇಲೆ ಕೆಲಸ ನಡೆಯುತ್ತಿರಲು ಕನ್ನಡದ ದನಿಯೊಂದು ಅದನ್ನು ವಿವರಿಸುತ್ತದೆ. ಕೇಳುತ್ತ ಮಾಡಿ ಕಲಿಯಬೇಕು.

ಸಾಧನ ಹೊಸದು, ಬುದ್ಧಿ ಹಳೆಯದು. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದ ನಮ್ಮ ಊರಿನ ಹುಡುಗರು ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತು ಮುಂದೆ ಬಂದುದು ಕೂಡಿ ಕಲಿತುದರ ಫಲವೇ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆಯು 1928ರಿಂದ ಮನೆಮನೆಯ ಬಾಗಿಲಲ್ಲಿ ದಿನಕ್ಕೆ ಎರಡಾಣೆಯನ್ನೂ ಕೂಡಿಸಿಕೊಂಡಿತು. ‘ಪಿಗ್ಮಿ’ ಎಂದರೆ ದಕ್ಷಿಣ ಕನ್ನಡದವರಿಗೆ ಬೇರೆ ವಿವರಣೆ ಬೇಡ. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಇದೇ ಮುಂಬಯಿಯ ಗಿರಗಾಂವಿನಲ್ಲಿ 1959ರಲ್ಲಿ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲ ತಂದು ಮಾಳಿಗೆಯ ಮೇಲೆ ಹಪ್ಪಳ ಒತ್ತಿದರು. ಅದೇ ಇಂದಿನ ಲಿಜ್ಜತ್. ಅಲ್ಲಿ ಹಪ್ಪಳ ಲಟ್ಟಿಸುವವಳೇ ಒಡತಿ. ಲಾಭವಾಗಲಿ, ನಷ್ಟವಾಗಲಿ ಎಲ್ಲರದು.

ಆದರೂ ಒಂದು ಮಾತು. ಹಾಳೆ ಎಲ್ಲರಿಗೂ ಕಾಣುವುದೆಂದ ಮಾತ್ರಕ್ಕೆ ಮನಸ್ಸು ಕಾಣುವುದಿಲ್ಲ. ಆರಂಭದ ದಿನವೇ ಮೂರು ಸಂಗತಿಗಳನ್ನು ಬರೆದಿಡುವುದು ಲೇಸು: ಯಾರು ಎಷ್ಟು ಹಾಕಿದರು, ಯಾರ ಹೊಣೆ ಏನು, ಒಬ್ಬರು ಬಿಟ್ಟುಹೋಗುವುದಾದರೆ ಲೆಕ್ಕ ಮುಗಿಸುವುದು ಹೇಗೆ. ಮೂರನೆಯದನ್ನು ಕೇಳಲು ನಮ್ಮವರಿಗೆ ಸಂಕೋಚ; ಮದುವೆಯ ಮನೆಯಲ್ಲಿ ಅಪಶಕುನ ನುಡಿದಂತೆ! ಆದರೆ ಗೆಳೆತನ ಉಳಿಯುವುದು ಅದರಿಂದಲೇ. ಹಾಗೆಯೇ ಗಿರಾಕಿಗಳ ವಿಳಾಸ, ಫೋನುಗಳನ್ನು ಕಂಡಕಂಡವರಿಗೆಲ್ಲ ತೆರೆದಿಡಬಾರದು. ಹಂಚಿಕೊಳ್ಳಲು ನಮ್ಮದಾದುದನ್ನಷ್ಟೇ ಹಂಚಿಕೊಳ್ಳಬೇಕು.

ನಮ್ಮ ಸಂಘದ ಸದಸ್ಯರಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಹಿರಿಯರಿದ್ದಾರೆ. ಹೋಟೆಲು ನಡೆಸಿ ಏಳುಬೀಳು ಕಂಡವರಿದ್ದಾರೆ. ಅವರಿಗೆ ಫೋನಿನ ಹಾಳೆ ತೆರೆಯಲು ಬಾರದು. ತರುಣರಿಗೆ ಖರ್ದಿ, ಉದ್ರಿಗಳ ಮರ್ಮ ತಿಳಿಯದು. ತಿಂಗಳಿಗೊಂದು ಭಾನುವಾರ ಸಂಜೆ ಇಬ್ಬರೂ ಒಂದೇ ಮೇಜಿಗೆ ಕೂತರೆ ಗುರುಗಳೂ ಅವರೇ, ಶಿಷ್ಯರೂ ಅವರೇ. ಕಾರ್ಯಕಾರಿ ಸಮಿತಿಯವರು ಮನಸ್ಸು ಮಾಡುವರೆ? ಚಹದ ಖರ್ಚಿನ ಲೆಕ್ಕ ಬರೆಯಲು ನಾನು ಸಿದ್ಧ. ಈ ಸಲ ಎಲ್ಲರಿಗೂ ಕಾಣುವ ಹಾಳೆಯಲ್ಲಿ.