‘ಅ’ ಎಂಬ ಪುಟ್ಟ ಕೊಂಡಿ

ಚಿಂಚೋಳಿ ತಾಲ್ಲೂಕಿನ ಕುಂಚಾವರಂ ತೆಲಂಗಾಣದ ಗಡಿಗೆ ಅಂಟಿಕೊಂಡ ಊರು. ಇಲ್ಲಿ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ತೆಲುಗಿನಲ್ಲಿ ‘ಕುಂಚಾವರಂ ಅಡವಿ’ ಎಂದರೆ ಸಾಕು. ಕನ್ನಡದಲ್ಲಿ ‘ಕುಂಚಾವರದ ಕಾಡು’ ಎನ್ನಬೇಕು. ಮಗು ಆ ‘ದ’ ಬಿಟ್ಟು ಬರೆದರೆ ಅದು ದಡ್ಡತನವಲ್ಲ, ಮನೆಮಾತಿನ ರೂಢಿ.

ಈ ಸಂಬಂಧವನ್ನು ಹೇಳುವುದೇ ಷಷ್ಠೀ ವಿಭಕ್ತಿ. ಅದರ ಪ್ರತ್ಯಯ ‘ಅ’ ಒಂದೇ. ಮರದ, ಊರಿನ, ಮನೆಯ ಎಂಬಲ್ಲಿನ ದ, ಇನ, ಯ ನಡುವೆ ಬರುವ ಆಗಮಗಳು. ಪರೀಕ್ಷೆಯಲ್ಲಿ ಅಂಕ ಜಾರುವುದು ಇಲ್ಲೇ.

ಷಷ್ಠಿ ಮುಖ್ಯವಾಗಿ ನಾಮಪದಕ್ಕೆ ನಾಮಪದವನ್ನೇ ಕಟ್ಟುತ್ತದೆ, ಕ್ರಿಯಾಪದಕ್ಕಲ್ಲ. ಅದಕ್ಕೇ ಸಂಸ್ಕೃತ ವೈಯಾಕರಣರು ಅದನ್ನು ಕಾರಕಗಳ ಸಾಲಿಗೆ ಸೇರಿಸಲಿಲ್ಲ. ಆ ಕಟ್ಟು ಒಡೆತನವೇ ಆಗಬೇಕಿಲ್ಲ. ‘ರೈತನ ಹೊಲ’ ಒಡೆತನ, ‘ಹಸುವಿನ ಬಾಲ’ ಅಂಗ, ‘ಶಹಾಬಾದಿನ ಕಲ್ಲು’ ಹುಟ್ಟಿದ ನೆಲ. ಗ್ರೀಕರು ಇದನ್ನು ‘ಜಾತಿ ಸೂಚಿಸುವ’ ವಿಭಕ್ತಿ ಎಂದರು. ರೋಮನ್ನರು ‘ಹುಟ್ಟಿನ’ ಎಂದು ಅನುವಾದಿಸಿದರು. ಇಂಗ್ಲಿಷಿನ ‘ಜೆನಿಟಿವ್’ ಅಲ್ಲಿಂದ ಬಂತು.

ಪಾಲಕರೇ, ಮಗುವಿನ ತೆಲುಗನ್ನು ಗದರಿಸಿ ಬಿಡಿಸಬೇಡಿ. ‘ಇಲ್ಲು’ ಅಲ್ಲಿ ‘ಇಂಟಿ ತಲುಪು’ ಆಗುತ್ತದೆ, ‘ಮನೆ’ ಇಲ್ಲಿ ‘ಮನೆಯ ಬಾಗಿಲು’ ಆಗುತ್ತದೆ. ಎರಡನ್ನೂ ಜೊತೆಗೆ ಹೇಳಿಸಿ. ವ್ಯಾಕರಣ ಪುಸ್ತಕಕ್ಕಿಂತ ಮೊದಲೇ ಕಿವಿಗೆ ತಿಳಿಯುತ್ತದೆ.