ಬುತ್ತಿ ಒಯ್ಯಿರಿ, ಅಗುಳು ಚೆಲ್ಲಬೇಡಿ

ಬಾಣಂತನಕ್ಕೆಂದು ಕ್ಯಾಲಿಫೋರ್ನಿಯಾದ ಮಗಳ ಮನೆಗೆ ಹೊರಟಿದ್ದೀರಾ? ಇದ್ದಷ್ಟು ದಿನವೂ ಅಡುಗೆಮನೆಯಲ್ಲೇ ಕಳೆಯಬೇಡಿ. ಸ್ಯಾನ್ ಹೊಸೆ ಕಡೆ ಮನೆಯಿದ್ದರೆ, ಬಿಗ್ ಬೇಸಿನ್ ರೆಡ್‌ವುಡ್ಸ್ ಉದ್ಯಾನಕ್ಕೆ ಒಂದು ದಿನ ಕರೆದುಕೊಂಡು ಹೋಗು ಅನ್ನಿ.

1902ರಲ್ಲಿ ಆರಂಭವಾದ ಇದು ಆ ರಾಜ್ಯದ ಅತಿ ಹಳೆಯ ರಾಜ್ಯೋದ್ಯಾನ. ಇದರ ಹಿಂದೆ ಹೆಣ್ಣಿನ ಲೇಖನಿಯೂ ಇದೆ! 1899ರ ಕಾಡ್ಗಿಚ್ಚಿನಲ್ಲಿ ಮನೆ ಕಳೆದುಕೊಂಡ ಲೇಖಕಿ ಜೋಸೆಫೀನ್ ಮೆಕ್‌ಕ್ರ್ಯಾಕಿನ್, ಮರುವರ್ಷ ಪತ್ರಿಕೆಗೆ ಬರೆದು ಮರಗಳನ್ನು ಉಳಿಸಬೇಕೆಂದು ಕೇಳಿಕೊಂಡರು.

2020ರ ಆಗಸ್ಟ್‌ನಲ್ಲಿ ಸಿಡಿಲಿನಿಂದ ಹೊತ್ತಿದ ಬೆಂಕಿ ಉದ್ಯಾನದ ಬಹುಪಾಲನ್ನು ಸುಟ್ಟಿತು. ಆದರೆ ರೆಡ್‌ವುಡ್ ತೊಗಟೆ ಒಂದಡಿಯವರೆಗೂ ದಪ್ಪವಿರುತ್ತದೆ. ಕರಕಲಾದ ಕಾಂಡಗಳ ಮೈಯೆಲ್ಲ ಹಸಿರು ಚಿಗುರಿತು. ‘ಕಾಡಿನ ತಾಯಿ’ ಎಂದು ಹೆಸರಿಟ್ಟ ಮರವೂ ಉಳಿಯಿತು. 2022ರಲ್ಲಿ ಉದ್ಯಾನ ಮತ್ತೆ ತೆರೆಯಿತು.

ದಾರಿಯಲ್ಲಿ ತಿರುವುಗಳು ಜಾಸ್ತಿ, ಕೈಯಲ್ಲೊಂದು ನಿಂಬೆಹಣ್ಣಿರಲಿ. ಕಾರು ನಿಲ್ಲಿಸುವ ಜಾಗವನ್ನು ಮೊದಲೇ ಕಾದಿರಿಸಿಕೊಳ್ಳಿ. ರೆಡ್‌ವುಡ್ ಲೂಪ್ ಹಾದಿ ಸಮತಟ್ಟು. ಮಂಡಿನೋವಿನವರೂ ನಿಧಾನವಾಗಿ ಸುತ್ತಬಹುದು.

ಚಿತ್ರಾನ್ನ, ಚಪಾತಿ ಧಾರಾಳವಾಗಿ ಒಯ್ಯಿರಿ. ಆದರೆ ಒಂದು ಅಗುಳೂ ನೆಲಕ್ಕೆ ಬೀಳಬಾರದು. ಒಂದಗುಳಿಗೆ ಇಷ್ಟೊಂದು ಕಟ್ಟುನಿಟ್ಟೇ ಅಂತೀರಾ? ಮಾರ್ಬಲ್ಡ್ ಮರ್ಲೆಟ್ ಎಂಬ ಪುಟ್ಟ ಕಡಲಹಕ್ಕಿ ಇಲ್ಲಿನ ಹಳೆಯ ಮರಗಳ ಕೊಂಬೆಯ ಮೇಲೆ ಒಂದೇ ಒಂದು ಮೊಟ್ಟೆಯಿಡುತ್ತದೆ. ಚೆಲ್ಲಿದ ಊಟಕ್ಕೆ ಬರುವ ಕಾಗೆಜಾತಿಯ ಹಕ್ಕಿಗಳು ಆ ಮೊಟ್ಟೆಯನ್ನೂ ಬಿಡುವುದಿಲ್ಲ. ಈ ಹಕ್ಕಿಯ ಸಂತತಿ ಈಗಾಗಲೇ ಅಳಿವಿನಂಚಿನಲ್ಲಿದೆ.

ಊಟವಾದ ಮೇಲೆ ಮೇಜು ಒರೆಸಿ, ಚೂರುಗಳನ್ನು ಡಬ್ಬಿಗೆ ತುಂಬಿಕೊಳ್ಳಿ. ಮೊಮ್ಮಕ್ಕಳಿಂದಲೇ ಮಾಡಿಸಿದರೆ ಇನ್ನೂ ಒಳ್ಳೆಯದು.